ಮೂಡಲಗಿಗೆ ಒಯ್ದ ತೂಕದ ಯಂತ್ರ

ಲಿವರಿನ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡು ಊರಿಗೆ ಮರಳಿದವರ ಮನೆಗೆ ಹೋಗಿ ತೂಕ ಬರೆದುಕೊಂಡು ಬರುವುದು ಆಸ್ಪತ್ರೆಯಲ್ಲಿ ನನ್ನ ಕೆಲಸವಾಗಿತ್ತು. ಗಡ್ಡೆ ಮತ್ತೆ ಬರುವುದಿದ್ದರೆ ಮೊದಲು ತೂಕ ಇಳಿಯುತ್ತದೆ ಎಂದು ನಮ್ಮ ಡಾಕ್ಟರರು ಹೇಳುತ್ತಿದ್ದರು. ಮುಂಚಿತವಾಗಿ ತಿಳಿಯಲು ಆ ಕಾಲದಲ್ಲಿ ಬೇರೆ ದಾರಿ ಅವರಿಗೂ ಗೊತ್ತಿರಲಿಲ್ಲ.

ಮೂಡಲಗಿಯ ಬೆಲ್ಲದ ಸಾವಕಾರರು ನನಗಿಂತ ಹೆಚ್ಚಾಗಿ ನನ್ನ ಯಂತ್ರವನ್ನೇ ದಿಟ್ಟಿಸಿದರು. ಹತ್ತಿ ನಿಂತರು. ಹೋದ ಸಲಕ್ಕಿಂತ ನಾಲ್ಕು ಕಿಲೋ ಕಡಿಮೆ ಬಂತು.

“ಬಸ್ಸಿನ್ಯಾಗ ಕುಲುಕ್ಯಾಡಿ ಕೆಟ್ಟೈತ್ರಿ ಬಾಯಾರ,” ಎಂದರು. “ಮಂದಿ ತಕ್ಕಡಿ ನಂಬಿದ್ರ ನಾ ಎಂದೋ ಅಂಗಡಿ ಮುಚ್ಚತಿದ್ದೆ.”

ಪೇಟೆಯಲ್ಲಿ ಪರರ ತಕ್ಕಡಿಯನ್ನು ಪರೀಕ್ಷಿಸುವಂತೆ, ಸೇರು-ಮಣಗಳ ಬದಲಿಗೆ ಆಗಷ್ಟೇ ಬಂದಿದ್ದ ಸರಕಾರಿ ಮುದ್ರೆಯ ಇಪ್ಪತ್ತು ಕಿಲೋದ ಎರಡು ಕಲ್ಲುಗಳನ್ನು ಹಮಾಲನಿಂದ ಯಂತ್ರದ ಮೇಲೆ ಇಡಿಸಿದರು. ಮುಳ್ಳು ನಲವತ್ತಕ್ಕೆ ನಿಂತಿತು. ತೆಗೆಸಿ ಮತ್ತೆ ಇಡಿಸಿದರು. ಮತ್ತೆ ನಲವತ್ತೇ. ನಾನು ಕಣ್ಣೆತ್ತಲಿಲ್ಲ.

ಹಮಾಲನನ್ನು ಹೊರಗೆ ಕಳಿಸಿ ದನಿ ತಗ್ಗಿಸಿದರು. “ನಿಮ್ಮ ಯಂತ್ರ ಖರೆ ಐತ್ರಿ. ಸೋಮವಾರ ದವಾಖಾನಿಗೆ ಬರ್ತೀನಿ. ಆದ್ರ ನಮ್ಮಾಕಿ ಕೇಳಿದ್ರ, ಕೆಟ್ಟೈತಿ ಅಂತ ಹೇಳಿಬಿಡ್ರಿ.”

ಅವರ ಹೆಂಡತಿ ಚಹಾ ತಂದರು. ತೂಕ ಎಷ್ಟು ಬಂತೆಂದು ಕೇಳಿದರು. ಯಂತ್ರ ಕೆಟ್ಟಿದೆ ಎಂದೆ. ಅವರು, ನಾನು ಅದನ್ನು ಕಂಬಳಿಯಲ್ಲಿ ಸುತ್ತಿ ಗಂಟು ಹಾಕುವುದನ್ನೇ ನೋಡುತ್ತ ನಿಂತರು.

“ಕೆಟ್ಟ ಯಂತ್ರಕ್ಕ ಇಷ್ಟ್ಯಾಕ ಜ್ವಾಕಿ ಮಾಡಾಕತ್ತೀರಿ, ತಂಗಿ?”

ಸುಳ್ಳು ಹೇಳಲು ನನಗೆ ಹೇಗೋ ಬಂದಿತ್ತು. ಅದಕ್ಕೆ ತಕ್ಕಂತೆ ಯಂತ್ರವನ್ನು ಎತ್ತಿ ಒಗೆಯಲು ಮಾತ್ರ ಬರಲಿಲ್ಲ.