ಮೋಟರು ನಿಂತ ಎರಡು ಗಂಟೆ

ಹೊಸ ಪ್ರೊಸೆಸರಿಗಿಂತ ಮೊದಲು ಯುಪಿಎಸ್‌ಗೆ ಬ್ಯಾಟರಿ ಹಾಕಿಸಿ ಎಂದು ನನ್ನ ಹೆಂಡತಿ ಬಡಕೊಂಡಿದ್ದಳು. ನಾನು ಕೇಳಲಿಲ್ಲ. ದೇವಲಾಪುರದ ಹೊಲದ ಮನೆಯಲ್ಲಿ ಮದುವೆ ವಿಡಿಯೊ ಎಡಿಟ್ ಮಾಡಿಕೊಂಡಿರುವವನು ನಾನು. ಹಳೇ ಕಂಪ್ಯೂಟರು ತೆವಳುವುದನ್ನು ನೋಡಿ ನೋಡಿ ರೋಸಿಹೋಗಿತ್ತು. ಮೈಸೂರಿನ ಅಂಗಡಿಯವನು ಎರಡು ಪ್ರೊಸೆಸರು ಮುಂದಿಟ್ಟ. ಒಂದರ ವೇಗ ಕಂಪನಿ ಕಟ್ಟಿಟ್ಟಷ್ಟೇ. ಇನ್ನೊಂದನ್ನು ನಾವೇ ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸಬಹುದು. ನನ್ನಂಥ ಅವಸರಗೇಡಿ ಯಾವುದನ್ನು ತಂದನೆಂದು ಬೇರೆ ಹೇಳಬೇಕೆ? ಬೆಳಗಿನ ಜಾವ ಎದ್ದು ವೇಗ ಏರಿಸಿ ಪರೀಕ್ಷೆ ಮಾಡಿದೆ. ಒಂದು ಸಲವೂ ಕೈಕೊಡಲಿಲ್ಲ. ಹೆಂಡತಿಯ ಮುಂದೆ ಮೀಸೆ ತಿರುವಿದೆ.

ಅದೇ ವಾರ ಹೊಣಕೆರೆಯಿಂದ ಫೋನು ಬಂತು. ನಾನು ಮದುವೆ ವಿಡಿಯೊ ತೆಗೆದಿದ್ದ ಹುಡುಗಿ. ಮದುವೆಯಾದ ತಿಂಗಳಿಗೇ ಅವಳಪ್ಪ ತೀರಿಕೊಂಡಿದ್ದರು, ಅವತ್ತು ತಿಥಿ. ವಿಡಿಯೊ ಇನ್ನೂ ನನ್ನ ಹತ್ತಿರವೇ ಕೊಳೆಯುತ್ತಿತ್ತು.

"ಅಣ್ಣ, ಒಂದು ಗಂಟ್ಗೆ ಎಡೆ ಇಡ್ತಾರೆ. ಅಷ್ಟೊತ್ಗೆ ಅಪ್ಪನ್ನ ಎಲ್ರಿಗೂ ತೋರಿಸ್ಬೇಕು."

"ಅಪ್ಪ ಇರೋ ಜಾಗ ಮಾತ್ರ ಕತ್ತರಿಸಿ ಕೊಡ್ಲಾ ತಾಯಿ?"

"ಬ್ಯಾಡಿ. ಅಪ್ಪ ಎಲ್ಲೆಲ್ಲಿ ಓಡಾಡಿದ್ರೋ ನಿಮ್ಗೇನ್ ಗೊತ್ತು? ಪೂರ್ತಿ ಬೇಕು."

ಬೆಳಿಗ್ಗೆ ಎಂಟಕ್ಕೆ ರೆಂಡರಿಗೆ, ಅಂದರೆ ಎಡಿಟ್ ಮಾಡಿದ್ದನ್ನೆಲ್ಲ ಒಂದೇ ವಿಡಿಯೊ ಆಗಿ ಕಟ್ಟಲು ಹಾಕಿದೆ. ಎರಡು ಗಂಟೆಯ ಕೆಲಸ. ಒಂಬತ್ತಕ್ಕೆ ಮೂರು ಫೇಸು ಕರೆಂಟು ಬಂತು, ಪಂಪುಗಳಿಗೆಂದು ದಿನಕ್ಕೆ ಮೂರೇ ಗಂಟೆ ಕೊಡುವುದು. ಪಕ್ಕದ ಹೊಲದ ಪಂಪಿನ ಮೋಟರು ಗುಂಯ್ ಎಂದಿತು, ಟ್ಯೂಬ್‌ಲೈಟು ಮಂಕಾಯಿತು, ಕಂಪ್ಯೂಟರು ಆರಿಹೋಯಿತು. ಆಗಿದ್ದಷ್ಟೂ ಮಣ್ಣುಪಾಲು. ಮತ್ತೆ ಹಾಕಿದೆ, ಮತ್ತೆ ಆರಿತು. ನಾನು ಪರೀಕ್ಷೆ ಮಾಡಿದ್ದು ಮೋಟರುಗಳೆಲ್ಲ ಸುಮ್ಮನಿದ್ದ ಹೊತ್ತಿನಲ್ಲಿ! ಪ್ರೊಸೆಸರಿನ ವೇಗ ಇಳಿಸಿದರೆ ಆ ಕಡಿಮೆ ವೋಲ್ಟೇಜನ್ನು ತಡೆದುಕೊಳ್ಳುತ್ತಿತ್ತೇನೋ, ಆದರೆ ಇನ್ನೂ ಅರ್ಧ ಗಂಟೆ ಹೆಚ್ಚು ಬೇಕು, ಮೇಲೆ ಹೊಣಕೆರೆಗೆ ಬೈಕಿನಲ್ಲಿ ಮುಕ್ಕಾಲು ಗಂಟೆ, ಅಷ್ಟರಲ್ಲಿ ಎಡೆ ಇಟ್ಟಾಗಿರುತ್ತಿತ್ತು. ಗಡಿಯಾರ ಹತ್ತರ ಹತ್ತಿರ ಬಂದಿತ್ತು.

ಆ ಮೋಟರಿನ ಯಜಮಾನರ ಜೊತೆ ನನಗೆ ಎರಡು ವರ್ಷದಿಂದ ಮಾತಿಲ್ಲ. ಅವರ ಕುರಿ ನಮ್ಮ ರಾಗಿಗೆ ನುಗ್ಗಿದ್ದಕ್ಕೆ ಬಾಯಿಗೆ ಬಂದಂತೆ ಬೈದಿದ್ದೆ. ಈಗ ಬೇರೆ ದಾರಿಯಿರಲಿಲ್ಲ. ಬದು ದಾಟಿ ಹೋದೆ. ಅವರು ಟೊಮೊಟೊ ಸಾಲಿಗೆ ನೀರು ಹಾಯಿಸುತ್ತಿದ್ದರು.

"ಅಣ್ಣ, ಎರಡು ಗಂಟೆ ಮೋಟ್ರು ನಿಲ್ಲಿಸ್ತೀರಾ?" ಎಂದು ಕೇಳಿ, ಕಾರಣ ಹೇಳಿದೆ.

ಅವರು ಸನಿಕೆ ಊರಿ ನನ್ನ ಮುಖವನ್ನೇ ನೋಡಿದರು. ನೇರ ಹೋಗಿ ಮೋಟರು ನಿಲ್ಲಿಸಿದರು.

ಓಡಿ ಬಂದು ಮತ್ತೆ ರೆಂಡರಿಗೆ ಹಾಕಿ ಕೂತೆ. ಹನ್ನೆರಡಕ್ಕೆ ಐದು ನಿಮಿಷವಿರುವಾಗ ನೂರು ಪರ್ಸೆಂಟು ಮುಟ್ಟಿತು. ಪೆನ್‌ಡ್ರೈವಿಗೆ ಹಾಕಿಕೊಂಡು ಎದ್ದೆ. ದೀಪ ಒಮ್ಮೆ ಆರಿ ಹತ್ತಿತು. ಹೊರಗೆ ಓಡಿ ಬೈಕು ಹತ್ತುತ್ತಾ ಕೂಗಿದೆ, "ಆಯ್ತಣ್ಣ, ಮೋಟ್ರು ಹಾಕ್ಕೊಳಿ!"

ಅವರು ಅಲ್ಲಾಡಲಿಲ್ಲ. ಆಗ ಹೊಳೆಯಿತು. ಆ ದೀಪ ಆರಿದಾಗಲೇ ಆವತ್ತಿನ ಮೂರು ಫೇಸು ಮುಗಿದು, ಮನೆಗಳಿಗಷ್ಟೇ ಸಾಲುವ ಕರೆಂಟು ಉಳಿದಿತ್ತು. ಅವರ ಅರ್ಧ ಹೊಲ ಒಣಗಿಯೇ ಇತ್ತು.

"ಕರೆಂಟು ನಾಳೀಕೂ ಬತ್ತದೆ, ಓಗ್ಲಾ," ಅಂದರು. "ಅವ್ಳಪ್ಪ ಬತ್ತಾನಾ?"