ಮೊದಲ ಹುಡುಗಿ

ಮೈಕು ಕೈಕೊಡಬಹುದಿತ್ತು. ಶಾಮಿಯಾನ ಹಾರಿಹೋಗಬಹುದಿತ್ತು. ಮುಖ್ಯ ಅತಿಥಿಯ ತಲೆಯ ಮೇಲೆ ತೆಂಗಿನಕಾಯಿ ಬೀಳಬಹುದಿತ್ತು. ಅದಕ್ಕೆ ಹೆದರಿ ನಾನು ಹಿಂದಿನ ದಿನವೇ ಶಾಲೆಯ ಮರಗಳ ಕಾಯಿ ಕೀಳಿಸಿದ್ದೆ. ವಾರ್ಷಿಕೋತ್ಸವದಲ್ಲಿ ಹೆಡ್‌ಮಾಸ್ಟರಾಗಿ ಶಾಲೆಯ ಇತಿಹಾಸ ಓದಬೇಕಾಗಿದ್ದ ನನ್ನ ಎದೆಯೇ ನಿಂತುಹೋಗಬಹುದಿತ್ತು. ಇದ್ಯಾವುದೂ ಆಗಲಿಲ್ಲ.

ತಿಪಟೂರಿನ ಹತ್ತಿರ ಪ್ರೆಸ್ಬಿಟೇರಿಯನ್ ಪಂಗಡದ ಕ್ರೈಸ್ತ ಪಾದ್ರಿಯೊಬ್ಬರು ಗಂಡು ಹೆಣ್ಣುಮಕ್ಕಳನ್ನು ಒಟ್ಟಿಗೆ ಕೂರಿಸಿ ಶುರುಮಾಡಿದ ಖಾಸಗಿ ಶಾಲೆ ನಮ್ಮದು. ಆಗ ಮಗಳನ್ನು ಅಲ್ಲಿಗೆ ಕಳಿಸಿದರೆ ಮನೆತನದ ಮಾನ ಹೋಗುತ್ತಿತ್ತಂತೆ. ಈಗ ಮೂರು ದೊಡ್ಡ ಮನೆತನದವರು ವಾಟ್ಸಾಪಿನಲ್ಲಿ ತಮ್ಮ ತಮ್ಮ ಅಜ್ಜಿಯ ಫೋಟೊ ಕಳಿಸಿ, ಮೊದಲ ವಿದ್ಯಾರ್ಥಿನಿ ಇವರೇ ಎಂದರು. ಮೂವರೂ ತೋಟದ ಎಳನೀರು ತಂದುಕೊಟ್ಟರು. ನಾನು ಮೂವರದ್ದೂ ಕುಡಿದೆ.

ಶಾಲೆಯ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಹೆಂಗಸು ಮಾತ್ರ ಕನ್ನಡಕವನ್ನು ಹಣೆಗೇರಿಸಿ, "ರಿಜಿಸ್ಟರ್ ನೋಡಾನ ಬುಡಿ" ಎಂದರು. ಇವತ್ತು ಮಳೆ ಬರುತ್ತೆ ಎಂದರೂ ಅವರು ಹೇಳುತ್ತಿದ್ದುದು ಅದನ್ನೇ. ಹಳೇ ದಾಖಲಾತಿ ಪುಸ್ತಕವನ್ನು ಸೆರಗಿನಿಂದ ಒರೆಸಿ ತೆರೆದರು. ಹುಡುಗಿಯರಲ್ಲಿ ಮೊದಲ ಹೆಸರು ಪಾದ್ರಿಯ ಬಂಗಲೆಗೆ ನೀರು ಹೊರುತ್ತಿದ್ದವಳ ಮಗಳದು.

"ಈ ಹೆಸ್ರು ಹೇಳ್ತೀರಿ ತಾನೇ ಸಾರ್? ಇವ್ಳ ಕಡೆಯೋರು ಅಂತ ಯಾರೂ ಬರಾಕಿಲ್ಲ. ನಾವೇ ಹೇಳ್ಬೇಕು."

"ಹೇಳೇ ಹೇಳ್ತೀನಿ ಅಕ್ಕ."

ಸಮಾರಂಭದಲ್ಲಿ ಮೂರೂ ಮನೆತನದವರು ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ಮೂವರಿಗೂ ಕೈಮುಗಿದೆ. "ಮೊದಲ ದಿನ ಮೂವರು ಬಾಲಕಿಯರು ಒಟ್ಟಿಗೇ ಶಾಲೆಯ ಮೆಟ್ಟಿಲು ಹತ್ತಿದರು" ಎಂದು ಮೂರು ಅಜ್ಜಿಯರ ಹೆಸರನ್ನೂ ಓದಿದೆ. ಭಾರೀ ಚಪ್ಪಾಳೆ ಬಿತ್ತು.

ಕೆಳಗಿಳಿದಾಗ ಅಕ್ಕ ನನಗೊಂದು ಲೋಟ ನೀರು ಕೊಟ್ಟರು.

"ಚೆನ್ನಾಗಿ ಓದುದ್ರಿ ಸಾರ್. ಒಂದು ಹೆಸ್ರು ಬುಟ್ಟೋಯ್ತು, ಅಷ್ಟೇಯ."