ಹೊಳಿ ಓಣಿಯ ಹೆಬ್ಬೆಟ್ಟುಗಳು

ಹೊಸ ಮಣ್ಣಿನ ಕೊಡಕ್ಕೆ ಮೊದಲ ಸಲ ನೀರು ಹಾಕಿದಾಗ ಒಂದು ವಾಸನೆ ಏಳುತ್ತದೆ. ಮೊನ್ನೆ ಇಚಲಕರಂಜಿಯ ಸಂತೆಯಲ್ಲಿ ಕೊಂಡ ಕೊಡವನ್ನು ಕಬನೂರಿನ ನಮ್ಮ ಮನೆಗೆ ತಂದು ತುಂಬಿಸಿದೆ. ಹೊರಗೆ ಓಣಿಯ ತುಂಬ ಮಗ್ಗಗಳು ಖಟಖಟ ಎನ್ನುತ್ತಿದ್ದವು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಗ್ಗದ ಸದ್ದು ದೂರ ಸರಿದು ನಾನು ಗಡಹಿಂಗ್ಲಜದ ಹೊಳಿ ಓಣಿಯಲ್ಲಿ ನಿಂತಿದ್ದೆ. ಕಳೆದುಹೋದ ಓಣಿಯೊಂದು ನಿಮ್ಮೊಳಗೂ ಇದ್ದರೆ, ಆಗ ನನಗೆ ಏನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಿರಣ್ಯಕೇಶಿಯ ದಂಡೆಗೆ ಇಳಿಯುವ ಓಣಿ ಅದು. ಎಷ್ಟು ಹಳೆಯದೆಂದು ಯಾರಿಗೂ ಗೊತ್ತಿರಲಿಲ್ಲ. ಮೇಲ್ತುದಿಯಲ್ಲಿ ನಮ್ಮಂಥ ಲಿಂಗಾಯತರ, ಜೈನರ ಅಂಗಡಿ ಮನೆಗಳು. ಕೆಳಗೆ ನೀರಿನ ಹತ್ತಿರ ಕುಂಬಾರರು, ಅಗಸರು. ಬೇಸಿಗೆಯಲ್ಲಿ ಮೇಲಿನ ಮಾಳಿಗೆಗಳ ಮೇಲೆ ಕೆಂಪು ಮೆಣಸಿನಕಾಯಿ ಒಣಗುತ್ತಿದ್ದವು, ಕೆಳಗಿನಿಂದ ಗಡಿಗೆ ಸುಡುವ ಆವಿಗೆಯ ಹೊಗೆ ಬರುತ್ತಿತ್ತು, ಇವೆರಡರ ನಡುವೆ ಅಪ್ಪನ ಅಂಗಡಿಯಲ್ಲಿ ಇಳಿಸಿದ ಆಜರಾ ಅಕ್ಕಿಯ ಘಮ. ಮಳೆಗಾಲದಲ್ಲಿ ಹೊಳೆ ಏರಿ ಕೆಳಗಿನ ಮನೆಗಳಿಗೆ ನುಗ್ಗಿದರೆ ಅವರೆಲ್ಲ ಆಡು, ಕೋಳಿ, ಹಾಸಿಗೆ ಸಮೇತ ನಮ್ಮ ಅಟ್ಟಕ್ಕೆ ಬರುತ್ತಿದ್ದರು. ಅವ್ವ ದೊಡ್ಡ ಪಾತೇಲಿಯಲ್ಲಿ ಅನ್ನ ಬೇಯಿಸುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತು, "ಬರ್ರಿ, ಒಳಗ ಬರ್ರಿ" ಎಂದು ಒಬ್ಬೊಬ್ಬರನ್ನೂ ಕರೆಯುತ್ತಿದ್ದ. ಅವನಿಗಿಂತ ದೊಡ್ಡ ಮನುಷ್ಯ ಊರಲ್ಲಿದ್ದಾನೆಂದು ನನಗೆ ಅನ್ನಿಸಿರಲೇ ಇಲ್ಲ.

ಕುಂಬಾರರ ಭೀಮಾಯಿಗೆ ಮಕ್ಕಳಿರಲಿಲ್ಲ. ಓಣಿಯ ಹುಡುಗಿಯರೆಲ್ಲ ಅವಳವರೇ. ಒಣಗಿದ ಸೋರೆಬುರುಡೆ ನಡುವಿಗೆ ಕಟ್ಟಿ ನನಗೆ ಈಜು ಕಲಿಸಿದವಳು ಅವಳೇ. ಹೊಳೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ, ಇದು ಗಡಿಗೆಗೆ, ಇದು ಒಲೆಗೆ ಎಂದು ಬೇರೆ ಮಾಡುತ್ತಿದ್ದಳು. ಅವಳು ಹೇಳಿದ್ದನ್ನು ಕೆಳಗಿನ ಓಣಿ ಮೀರುತ್ತಿರಲಿಲ್ಲ.

ನಾನು ಮರಾಠಿ ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿದ್ದಾಗ ಅಪ್ಪ ಒಂದು ಕಾಗದವನ್ನೂ ಶಾಯಿಯ ಡಬ್ಬಿಯನ್ನೂ ನನ್ನ ಕೈಗೆ ಕೊಟ್ಟ. "ಕೆಳಗಿನ ಮನಿಯವರ ಹೆಬ್ಬೆಟ್ಟ ತಗೊಂಡ ಬಾ. ಹೊಳಿಗೆ ಮೆಟ್ಟಲ ಕಟ್ಟಾಕ ಅಂತ ಹೇಳು, ಸಾಕು" ಎಂದ. ಕಾಗದ ಮರಾಠಿಯಲ್ಲಿತ್ತು. ಅಕ್ಷರ ಓದಬಲ್ಲೆ, ಕಚೇರಿಯ ಆ ಮಾತು ಮಾತ್ರ ತಿಳಿಯಲಿಲ್ಲ. 'ಸ್ವಖುಷೀನೆ' ಎಂಬ ಒಂದು ಶಬ್ದದೊಳಗೆ 'ಖುಷಿ' ಕಂಡು, ಒಳ್ಳೆಯ ಕಾಗದವೇ ಇರಬೇಕೆಂದುಕೊಂಡೆ. ಕೆಳಗೆ ಭೀಮಾಯಿ ಗಡಿಗೆ ಮಾಡುವ ತಿಗರಿಯ ಮುಂದೆ ಕೂತಿದ್ದಳು.

"ಏನ ಬರದೈತಿ ಇದರಾಗ, ಶೈಲವ್ವ?"

"ಹೊಳಿಗೆ ಮೆಟ್ಟಲ ಕಟ್ಟತಾರಂತ, ಆಯಿ."

ಅವಳು ಕೈಯ ಕೆಸರನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು. ಅವಳು ಒತ್ತಿದ್ದು ಕಂಡು ಉಳಿದವರೂ ಒತ್ತಿದರು.

ದೀಪಾವಳಿ ಮುಗಿದ ಮೇಲೆ ಲಾರಿಗಳು ಬಂದವು. ಹೊಳೆಯ ದಂಡೆಯಲ್ಲಿ ಮದುವೆಗಳಿಗೆಂದು ಮಂಗಲ ಕಾರ್ಯಾಲಯ ಕಟ್ಟುವವರು ಆ ಜಾಗವನ್ನು ಹಿಡಿದಿದ್ದರು. ಕೆಳಗಿನವರಿಗೆ ಊರಾಚೆಯ ಕಲ್ಲು ಮಾಳದಲ್ಲಿ ಜಾಗ. ಹೆಂಗಸರು ಅಡ್ಡ ನಿಂತಾಗ ಕಟ್ಟುವವರ ಕಡೆಯ ಒಬ್ಬ ಗೃಹಸ್ಥ ಅದೇ ಕಾಗದ ತೆಗೆದು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಹೇಳಿದ: "ನಮ್ಮ ಖುಷೀಲೆ ಜಾಗಾ ಬಿಡತೇವಿ ಅಂತ ನೀವ ಬರದ ಕೊಟ್ಟೀರಿ." ಅಷ್ಟೂ ಹೆಂಗಸರು ತಿರುಗಿ ನನ್ನನ್ನು ನೋಡಿದರು. ನಾನು ಓಡಿ ಮನೆಗೆ ಬಂದೆ. ಅಪ್ಪ ದಬ್ಬಣದಿಂದ ಅಕ್ಕಿ ಚೀಲದ ಬಾಯಿ ಹೊಲಿಯುತ್ತಿದ್ದ.

"ನನಗ ಸುಳ್ಳ ಯಾಕ ಹೇಳಿದಿ, ಅಪ್ಪಾ?"

"ವರ್ಷಾ ನೀರಾಗ ಮುಳಗತಿದ್ರು. ಅವರ ಒಳ್ಳೇದಕ್ಕ ಮಾಡೇನಿ" ಎಂದ. ಹೊಲಿಗೆ ನಿಲ್ಲಿಸಲಿಲ್ಲ, ಮುಖ ಎತ್ತಲಿಲ್ಲ. ಮುಂದಿನ ವರ್ಷ ಕಾರ್ಯಾಲಯದ ರಸ್ತೆಗೆ ಮುಖ ಮಾಡಿದ ಹೊಸ ಮಳಿಗೆಗಳಲ್ಲಿ ಮೂಲೆಯದು ಅಪ್ಪನಿಗೆ ಬಂತು. ಅವ್ವ ಆ ಅಂಗಡಿಯ ಹೊಸ್ತಿಲನ್ನು ಒಮ್ಮೆಯೂ ತುಳಿಯಲಿಲ್ಲ. ಮನೆಯಲ್ಲಿ ಮಾತು ಕಡಿಮೆಯಾಯಿತು. ಮಳೆಗಾಲದಲ್ಲಿ ಅಟ್ಟ ಖಾಲಿಯಾಗಿಯೇ ಇರುತ್ತಿತ್ತು.

ಭೀಮಾಯಿಯನ್ನು ನೋಡಲು ನನಗೆ ಧೈರ್ಯ ಬಂದದ್ದು ಮದುವೆಯಾಗಿ, ಅಪ್ಪ ತೀರಿಕೊಂಡ ಮೇಲೆ. ಮಾಳದಲ್ಲಿ ತಗಡಿನ ಮನೆ. ತಿಗರಿ ಇರಲಿಲ್ಲ; ಅಲ್ಲಿ ಗಡಿಗೆಗೆ ಬರುವ ಮಣ್ಣೂ ಇರಲಿಲ್ಲ, ಅವಳು ಕಬ್ಬಿನ ಗದ್ದೆಗೆ ಕಳೆ ತೆಗೆಯಲು ಹೋಗುತ್ತಿದ್ದಳು. ರೊಟ್ಟಿ ಬಡಿದು, ನಂಚಿಕೊಳ್ಳಲು ಶೇಂಗಾ ಹಿಂಡಿ ಹಾಕಿ ಕೊಟ್ಟಳು. "ಕಾಗದದಾಗ ಏನೈತಿ ಅಂತ ನನಗ ಗೊತ್ತಿದ್ದಿಲ್ಲ, ಆಯಿ" ಎಂದೆ.

"ಗೊತ್ತೈತಿ ಬಿಡು" ಎಂದಳು. ನನ್ನ ತಾಟಿಗೆ ಇನ್ನೊಂದಿಷ್ಟು ಹಿಂಡಿ ಹಾಕಿದಳು. ಆಮೇಲೆ, ಸಿಟ್ಟಿಲ್ಲದೆ ಹೇಳಿದಳು: "ನಿಮ್ಮಪ್ಪ ತಾನ ಬಂದಿದ್ರ ನಾ ಹಂಗ ಒತ್ತತಿದ್ದಿಲ್ಲ. ಅಂವ ವ್ಯಾಪಾರಸ್ಥ, ಓದಾಕ ಬರೋ ನಾಲ್ಕ ಮಂದಿಗೆ ತೋರಿಸೇ ಒತ್ತತಿದ್ದೆ. ನೀ ಬಂದಿ ಅಂತ ಒತ್ತಿದೆ."

ಅಪ್ಪನಿಗೂ ಅದು ಗೊತ್ತಿತ್ತು. ಅದಕ್ಕೇ ನನ್ನನ್ನು ಕಳಿಸಿದ್ದ.

ಈಗ ಭೀಮಾಯಿಯೂ ಇಲ್ಲ. ಹೋದ ವರ್ಷ ಗಡಹಿಂಗ್ಲಜಕ್ಕೆ ಹೋದಾಗ ಎಸ್ಟಿ ಬಸ್ ನಿಲ್ದಾಣದಿಂದ ಹೊಳೆಯ ಕಡೆಗೆ ನಡೆದೆ. ಕಾರ್ಯಾಲಯದಲ್ಲಿ ಯಾರದೋ ಮದುವೆ ನಡೆದಿತ್ತು, ಸನಾದಿ ಊದುತ್ತಿದ್ದರು. ಕುಂಬಾರರ ಮನೆಗಳಿದ್ದಲ್ಲಿ ಕಾರುಗಳು ನಿಂತಿದ್ದವು. ಗೇಟಿನಲ್ಲಿದ್ದ ಮುದುಕ ಕೈಜೋಡಿಸಿ ಮರ್ಯಾದೆಯಿಂದ ಕೇಳಿದ: "ಬರ್ರಿ ಅಕ್ಕಾರ. ನೀವು ಯಾರ ಕಡೆಯವರ್ರಿ? ಹುಡುಗನ ಕಡೆನೋ, ಹುಡುಗಿ ಕಡೆನೋ?"

ನಾನು ಅವನ ತಲೆಯ ಮೇಲಿಂದ ಹೊಳೆಯ ಕಡೆಗೆ ಕತ್ತು ಚಾಚಿದೆ. ಗೋಡೆಯ ಆಚೆಗೆ ಹೊಳೆ ಕಾಣುತ್ತಿರಲಿಲ್ಲ.